ಚಳಿ–ಮಳೆಯಲ್ಲಿ ಸೈಕಲ್ ತುಳಿಯಲು ಎಂಥ ಶೂ? ಮೈಸೂರು, ಮಂಡ್ಯದ ಸವಾರರಿಗೊಂದು ಮಾರ್ಗದರ್ಶಿ

ಆಷಾಢದ ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಸೈಕಲ್ ಸವಾರರನ್ನು ಕೇಳಿ ನೋಡಿ. ಹತ್ತುವಾಗ ಮೈಯೆಲ್ಲ ಬೆವರು. ಇಳಿಯುವಾಗ ಜಿನುಗು ಮಳೆ, ಎದುರು ಗಾಳಿ. ಮೊದಲು ಮರಗಟ್ಟುವುದು ಕಾಲ್ಬೆರಳು. ಕೈಯನ್ನಾದರೂ ಉಜ್ಜಿಕೊಳ್ಳಬಹುದು. ಶೂ ಒಳಗಿರುವ ಬೆರಳಿಗೆ ಏನು ಮಾಡೋಣ?

ಮನೆಗೆ ಬಂದವರು ಫೋನ್ ತೆಗೆದು 'ವಾಟರ್‌ಪ್ರೂಫ್ ವಿಂಟರ್ ಸೈಕ್ಲಿಂಗ್ ಶೂ' ಅಂತ ಹುಡುಕುತ್ತಾರೆ. ಯೂರೋಪಿನ ಚಳಿಗೆಂದೇ ಮಾಡಿದ, ಹತ್ತು ಸಾವಿರ ದಾಟುವ ಶೂಗಳು ಸಾಲಾಗಿ ಬರುತ್ತವೆ. ಹಣ ಕೊಡುವ ಮೊದಲು ಸ್ವಲ್ಪ ನಿಲ್ಲಿ. ಗಂಟೆಗಟ್ಟಲೆ ಮಳೆಯಲ್ಲಿ ತುಳಿದರೆ ಎಂಥ ಶೂ ಆದರೂ ಒಳಗೆ ಒದ್ದೆಯಾಗುತ್ತದೆ. ನಮ್ಮ ಸೀಮೆಯಲ್ಲಿ ಹುಡುಕಬೇಕಾದದ್ದು ಒದ್ದೆಯಾದ ಮೇಲೂ ಕಾಲನ್ನು ಬೆಚ್ಚಗಿಡುವ, ಮಾರನೇ ದಿನಕ್ಕೆ ಒಣಗಿ ಸಿದ್ಧವಾಗುವ ಶೂ. ಆ ಲೆಕ್ಕದಲ್ಲಿ ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ನಿಮ್ಮ ಮಳೆ ಯಾವುದು, ಚಳಿ ಯಾವುದು?

ನಮ್ಮಲ್ಲಿ ಒದ್ದೆಯಾಗುವ ಕಾಲ ಒಂದೇ ಥರ ಇರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಮೈಸೂರಿನಲ್ಲಿ ಜೋರು ಮಳೆಗಿಂತ ಸೋನೆ, ಗಾಳಿಯೇ ಜಾಸ್ತಿ. ರಸ್ತೆ ಸದಾ ಹಸಿ. ನೀರು ಮೇಲಿನಿಂದ ಬೀಳುವುದಕ್ಕಿಂತ ಚಕ್ರದಿಂದ ಎರಚುವುದೇ ಹೆಚ್ಚು. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಕತೆ ಬೇರೆ. ಹಸ್ತ, ಚಿತ್ತೆ ಮಳೆ ಸಂಜೆ ಗುಡುಗಿಕೊಂಡು ಬಂದು ಅರ್ಧ ಗಂಟೆಯಲ್ಲಿ ರಸ್ತೆಯನ್ನು ಹೊಳೆ ಮಾಡುತ್ತದೆ. ಮೈಸೂರು, ಮಂಡ್ಯ ಎರಡೂ ಕಡೆ ವರ್ಷದ ಜೋರು ಮಳೆ ಬೀಳುವ ತಿಂಗಳುಗಳಲ್ಲಿ ಇವು ಸೇರಿವೆ. ಆದರೆ ಆ ನೀರು ಅಷ್ಟೇನೂ ತಣ್ಣಗಿರುವುದಿಲ್ಲ.

ಡಿಸೆಂಬರ್, ಜನವರಿಯಲ್ಲಿ ಮಳೆ ಕಡಿಮೆ. ಆಗ ಕಾಟ ಕೊಡುವುದು ಮಂಜು. ಧನುರ್ಮಾಸದಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟು ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಹೋಗಿ ನೋಡಿ. ವಿಶ್ವೇಶ್ವರಯ್ಯ ನಾಲೆ, ಗದ್ದೆ, ಕಬ್ಬಿನ ತೋಟದ ಮೇಲೆ ದಟ್ಟ ಮಂಜು ಕೂತಿರುತ್ತದೆ. ತಾಪಮಾನ 15 ಡಿಗ್ರಿ ಆಸುಪಾಸು. ನಡೆಯುವವರಿಗೆ ಅದು ಹಿತವಾದ ಚಳಿ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವ ಸೈಕಲ್ ಸವಾರರಿಗೆ ಹಾಗಲ್ಲ. ಜಾಲರಿ ಬಟ್ಟೆಯ ಶೂ ಹಾಕಿದ್ದರೆ ಗಾಳಿ ನೇರವಾಗಿ ಬೆರಳಿಗೇ ಬಡಿಯುತ್ತದೆ.

ನಾಲ್ಕನೆಯದು ಬೆಟ್ಟದ ಚಳಿ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಅಂದರೆ ಊಟಿ ನಮ್ಮೂರಿಗಿಂತ ಒಂಬತ್ತು, ಹತ್ತು ಡಿಗ್ರಿ ತಂಪು. ಜನವರಿಯ ಕೆಲವು ಬೆಳಿಗ್ಗೆ ಅಲ್ಲಿ ಹುಲ್ಲಿನ ಮೇಲೆ ಇಬ್ಬನಿಯೇ ಹೆಪ್ಪುಗಟ್ಟಿರುತ್ತದೆ. ಮಡಿಕೇರಿ ಅಷ್ಟು ಎತ್ತರ ಇಲ್ಲ. ಆದರೆ ಜುಲೈನಲ್ಲಿ ಅಲ್ಲಿನ ಮಳೆ ನಿಲ್ಲುವುದೇ ಇಲ್ಲ.

ಈ ನಾಲ್ಕರಲ್ಲಿ ನೀವು ನಿಜವಾಗಿ ತುಳಿಯುವುದು ಯಾವುದರಲ್ಲಿ? ಅದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಊಟಿಗೆ ಹೋಗುವ ಆಸೆಗೆ ವರ್ಷವಿಡೀ ಹಾಕುವ ಶೂ ಆರಿಸಬಾರದು.

ಎರಡನೇ ಹೆಜ್ಜೆ: ಕಾಲು ಯಾಕೆ ತಣ್ಣಗಾಗುತ್ತದೆ, ನೀರು ಎಲ್ಲಿಂದ ಬರುತ್ತದೆ

ಓಡುವವರ ಕಾಲು ಇಷ್ಟು ತಣ್ಣಗಾಗುವುದಿಲ್ಲ. ಓಡುವಾಗ ಪಾದ ಮಡಚುತ್ತದೆ, ಬೆರಳು ಆಡುತ್ತವೆ, ರಕ್ತ ಹರಿಯುತ್ತದೆ. ಸೈಕಲ್ ಮೇಲೆ ತೊಡೆ ದುಡಿಯುತ್ತದೆ, ಪಾದ ಮಾತ್ರ ಗಟ್ಟಿ ಅಟ್ಟೆಯ ಮೇಲೆ ಅಲ್ಲಾಡದೆ ಕೂತಿರುತ್ತದೆ. ಚಳಿ ಹೆಚ್ಚಾದಾಗ ದೇಹ ಹೊಟ್ಟೆ, ಎದೆಯ ಭಾಗವನ್ನು ಬೆಚ್ಚಗಿಡಲು ಕೈಕಾಲಿನ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಇದರ ಮೇಲೆ ಸಾಕ್ಸ್ ಒದ್ದೆಯಾದರೆ ಮುಗೀತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಾಲಿನ ಬಿಸಿಯೆಲ್ಲ ನೀರಿನ ಮೂಲಕ ಹೊರಗೆ ಹೋಗುತ್ತದೆ.

ಇನ್ನು ನೀರು ಬರುವ ದಾರಿ. ಇದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಅರ್ಧ ಪ್ರಶ್ನೆಗೆ ನೀವೇ ಉತ್ತರ ಹೇಳಬಹುದು.

ಜೋರು ಮಳೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೀರು ಬರುವುದು ಮೇಲಿನಿಂದ. ತೊಡೆಯ ಮೇಲೆ ಬಿದ್ದ ಮಳೆ ಮೊಣಕಾಲು, ಮೀನಖಂಡ ಹಾದು ಸಾಕ್ಸಿಗೆ ಇಳಿಯುತ್ತದೆ. ಸಾಕ್ಸ್ ಅದನ್ನು ಹೀರಿಕೊಂಡು ಶೂ ಒಳಗೆ ಕರೆದುಕೊಂಡು ಹೋಗುತ್ತದೆ. ಶೂ ಎಷ್ಟೇ ವಾಟರ್‌ಪ್ರೂಫ್ ಇರಲಿ, ಕಾಲು ಹಾಕುವ ಬಾಯಿ ತೆರೆದೇ ಇರುತ್ತದೆ ಅಲ್ವಾ? ಎರಡನೆಯದು ಮುಂದಿನ ಚಕ್ರ. ಅದು ಎರಚುವ ನೀರು ಸರಿಯಾಗಿ ಬೆರಳಿನ ಭಾಗಕ್ಕೇ ಬೀಳುತ್ತದೆ. ಮೂರನೆಯದು ಅಟ್ಟೆ. ಕ್ಲೀಟ್ (ಶೂವನ್ನು ಪೆಡಲ್‌ಗೆ ಕಚ್ಚಿಸಲು ಅಟ್ಟೆಗೆ ಹಾಕುವ ತುಂಡು) ಕೂರಿಸುವ ಬೋಲ್ಟಿನ ತೂತು, ಗಾಳಿಗೆಂದು ಬಿಟ್ಟ ಕಿಂಡಿಗಳಿಂದ ನೀರು ಒಳಗೆ ಬರುತ್ತದೆ. ಅಲ್ಲಿಂದಲೇ ತಣ್ಣನೆಯ ಗಾಳಿಯೂ ನುಗ್ಗುತ್ತದೆ. ಕ್ಲೀಟ್ ಲೋಹದ್ದಾದರೆ ಬಿಸಿಯನ್ನು ಅದೂ ಎಳೆದುಕೊಳ್ಳುತ್ತದೆ. ನಾಲ್ಕನೆಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅದು ಬೆವರು. ಪಾದದಲ್ಲಿ ಬೆವರಿನ ಗ್ರಂಥಿಗಳು ತುಂಬಾ ಇವೆ. ಮುಚ್ಚಿದ ಶೂ ಹಾಕಿ ಬೆಟ್ಟ ಹತ್ತಿದರೆ ಒಂದು ಹನಿ ಮಳೆ ಬೀಳದಿದ್ದರೂ ಸಾಕ್ಸ್ ಹಿಂಡುವಷ್ಟಾಗಿರುತ್ತದೆ. ಇಳಿಯುವಾಗ ನಡುಗಿಸುವುದು ಅದೇ ಬೆವರು.

ಮೂರನೇ ಹೆಜ್ಜೆ: ಶೂಗಿಂತ ಮೊದಲು ಕೊಳ್ಳಬೇಕಾದ ಎರಡು ವಸ್ತು

ಮೊದಲು ಮಡ್‌ಗಾರ್ಡ್. ಅದೂ ಮುಂದಿನ ಚಕ್ರಕ್ಕೆ. ರೇಸ್ ಸೈಕಲ್‌ಗೆ ಅದು ಚೆನ್ನಾಗಿ ಕಾಣುವುದಿಲ್ಲ ಅಂತ ಬಹಳ ಜನ ಹಾಕಿಸುವುದೇ ಇಲ್ಲ. ಆದರೆ ಕಾಲು ಒಣಗಿರಲು ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ಇನ್ನೊಂದು ಸಾಧನ ನನಗೆ ಗೊತ್ತಿಲ್ಲ. ಮುಂದಿನ ಮಡ್‌ಗಾರ್ಡಿನ ತುದಿಗೆ ರಬ್ಬರಿನ ಫ್ಲ್ಯಾಪ್ ಇರಲಿ. ಅದು ನೆಲದಿಂದ ನಾಲ್ಕೈದು ಬೆರಳು ಮೇಲಿರುವಷ್ಟು ಉದ್ದ ಇದ್ದರೆ ಶೂಗೆ ಬೀಳುವ ಎರಚಲು ಬಹುಪಾಲು ನಿಲ್ಲುತ್ತದೆ. ಅಂಗಡಿಯಲ್ಲಿ ಫ್ಲ್ಯಾಪ್ ಸಿಗದಿದ್ದರೆ ಹಳೇ ಟ್ಯೂಬ್ ಕತ್ತರಿಸಿ, ಎರಡು ತೂತು ಮಾಡಿ, ಕೇಬಲ್ ಟೈ ಹಾಕಿ ಕಟ್ಟಿ. ಮಂಡ್ಯದ ಕಡೆ ಕಬ್ಬು ಕಟಾವಿನ ಕಾಲದಲ್ಲಿ ಟ್ರ್ಯಾಕ್ಟರ್ ಚಕ್ರದ ಕೆಸರು, ಕಬ್ಬಿನ ಸೋಗೆ ರಸ್ತೆ ತುಂಬಾ ಬಿದ್ದಿರುತ್ತದೆ. ಅಲ್ಲಿ ತುಳಿಯುವವರು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ. ಇಲ್ಲದಿದ್ದರೆ ಕೆಸರು ಸಿಕ್ಕಿಕೊಂಡು ಚಕ್ರವೇ ನಿಲ್ಲುತ್ತದೆ.

ಎರಡನೆಯದು ಉಣ್ಣೆ ಸಾಕ್ಸ್. ಮೆರಿನೋ ಉಣ್ಣೆಯದಾದರೆ ಚುಚ್ಚುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೇ ಹಿಡಿದಿಟ್ಟುಕೊಂಡರೂ ಮುಟ್ಟಿದರೆ ಹಸಿ ಅನ್ನಿಸುವುದಿಲ್ಲ. ಪೂರ್ತಿ ನೆನೆದ ಮೇಲೂ ಎಳೆಗಳ ನಡುವೆ ಸ್ವಲ್ಪ ಗಾಳಿ ಉಳಿದಿರುತ್ತದೆ, ಹಾಗಾಗಿ ಬಿಸಿಯೂ ಉಳಿಯುತ್ತದೆ. ಹತ್ತಿ ಸಾಕ್ಸ್ ಇದಕ್ಕೆ ತದ್ವಿರುದ್ಧ. ನೆನೆದರೆ ಚಪ್ಪಟೆಯಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬೇಗ ಒಣಗುವುದೂ ಇಲ್ಲ. ಶಾಲೆಯ ಬಿಳಿ ಹತ್ತಿ ಸಾಕ್ಸ್ ಹಾಕಿಕೊಂಡು ಮಳೆಗೆ ಹೊರಡಬೇಡಿ. ಉಣ್ಣೆ ಸಿಗದಿದ್ದರೆ ಪಾಲಿಯೆಸ್ಟರ್ ಅಥವಾ ನೈಲಾನ್ ಸ್ಪೋರ್ಟ್ಸ್ ಸಾಕ್ಸ್ ಹತ್ತಿಗಿಂತ ಎಷ್ಟೋ ವಾಸಿ.

ದಪ್ಪ ಇದ್ದಷ್ಟೂ ಬೆಚ್ಚಗೆ ಅಂತ ಎರಡು ಜೊತೆ ಸಾಕ್ಸ್ ಒಂದರ ಮೇಲೊಂದು ತುರುಕುವವರಿದ್ದಾರೆ. ಶೂ ಒಳಗೆ ಜಾಗ ಇಲ್ಲದೆ ಬಿಗಿಯಾದರೆ ರಕ್ತ ಓಡಾಡುವುದು ಕಡಿಮೆಯಾಗಿ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಜಾಗ ಇರುವ ಶೂ, ಒಂದೇ ಒಂದು ಒಳ್ಳೇ ಸಾಕ್ಸ್. ಅಷ್ಟು ಸಾಕು.

ಇವೆರಡನ್ನು ಹಾಕಿ ಒಂದು ಮಳೆಗಾಲ ತುಳಿಯಿರಿ. ಊರೊಳಗೆ ಕೆಲಸಕ್ಕೆ, ಕಾಲೇಜಿಗೆ ಹೋಗುವವರಲ್ಲಿ ಹೆಚ್ಚಿನವರಿಗೆ ಹೊಸ ಶೂ ಬೇಕೇ ಆಗುವುದಿಲ್ಲ.

ನಾಲ್ಕನೇ ಹೆಜ್ಜೆ: ಪೆಡಲ್ ನೋಡಿ ಶೂ ಆರಿಸಿ

ಶೂ ಚಂದ ಇದೆ ಅಂತ ತಂದು, ಪೆಡಲ್‌ಗೆ ಕೂರದೆ ಮೂಲೆಗೆ ಸೇರಿದ ಉದಾಹರಣೆಗಳು ಬೇಕಾದಷ್ಟಿವೆ. ನಿಮ್ಮದು ಸಾದಾ ಪೆಡಲ್ ಆದರೆ ಚಿಂತೆಯೇ ಇಲ್ಲ. ಅಟ್ಟೆ ಸ್ವಲ್ಪ ಗಟ್ಟಿ ಇರುವ, ಹಿಡಿತ ಇರುವ ಯಾವ ಶೂ ಆದರೂ ನಡೆಯುತ್ತದೆ. ಪೆಡಲ್ ಮೇಲೆ ಮುಳ್ಳಿನಂಥ ಪಿನ್‌ಗಳು ಇದ್ದರೆ ಮಳೆಯಲ್ಲಿ ಜಾರುವುದಿಲ್ಲ. ನಯವಾದ ಪ್ಲಾಸ್ಟಿಕ್ ಪೆಡಲ್ ಮೊದಲು ಬದಲಾಯಿಸಿ.

ಕ್ಲೀಟ್ ಹಾಕುವವರು ಬೋಲ್ಟ್ ಎಣಿಸಬೇಕು. ಮೂರು ಬೋಲ್ಟಿನದು ರಸ್ತೆ ಸೈಕಲ್ಲಿನದು. ಶಿಮಾನೋದ ಎಸ್‌ಪಿಡಿ–ಎಸ್‌ಎಲ್, ಲುಕ್ ಕಂಪನಿಯ ಕಿಯೋ ಈ ಜಾತಿ. ಕ್ಲೀಟ್ ದೊಡ್ಡದು, ಅಟ್ಟೆಯಿಂದ ಹೊರಗೆ ಚಾಚಿರುತ್ತದೆ. ಎರಡು ಬೋಲ್ಟಿನದು ಎಸ್‌ಪಿಡಿ. 1990ರಲ್ಲಿ ಶಿಮಾನೋ ಇದನ್ನು ಬೆಟ್ಟಗುಡ್ಡದ ಸೈಕಲ್ಲಿಗಾಗಿ ತಂದಿತು. ಚಿಕ್ಕ ಲೋಹದ ಕ್ಲೀಟ್, ಅಟ್ಟೆಯ ಗುಳಿಯೊಳಗೆ ಅಡಗಿರುತ್ತದೆ.

ಮಳೆಗೆ, ಕೆಸರಿಗೆ ನನ್ನ ಮತ ಎರಡು ಬೋಲ್ಟಿಗೇ. ಕಾರಣ ಸರಳ. ನಮ್ಮಲ್ಲಿ ಮಳೆಯ ಸವಾರಿ ಅಂದರೆ ಇಳಿದು ನಡೆಯುವುದೂ ಸೇರಿದೆ. ಟೀ ಅಂಗಡಿಯ ಒದ್ದೆ ಟೈಲ್ಸ್, ಮೇಲುಕೋಟೆಯ ಕಲ್ಲು ಮೆಟ್ಟಿಲು, ನಾಲೆ ಏರಿಯ ಜೇಡಿ ಮಣ್ಣು. ಮೂರು ಬೋಲ್ಟಿನ ಕ್ಲೀಟ್ ಹಾಕಿ ಇವುಗಳ ಮೇಲೆ ನಡೆಯುವುದು ಅಪಾಯ. ಅದರೊಳಗೆ ಕೆಸರು ತುಂಬಿದರೆ ಪೆಡಲ್‌ಗೆ ಕಚ್ಚಿಕೊಳ್ಳುವುದೂ ಇಲ್ಲ. ಎರಡು ಬೋಲ್ಟಿನ ಶೂಗೆ ರಬ್ಬರಿನ ಹಲ್ಲು ಇರುವ ಅಟ್ಟೆ ಬರುತ್ತದೆ, ಆರಾಮಾಗಿ ನಡೆಯಬಹುದು. ಇನ್ನೂರು, ಮುನ್ನೂರು ಕಿಲೋಮೀಟರಿನ ಬ್ರೆವೆ (ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ) ಮಾಡುವವರಲ್ಲಿ ಬಹಳ ಜನ ರಸ್ತೆ ಸೈಕಲ್ಲಿಗೂ ಎರಡು ಬೋಲ್ಟಿನ ಪೆಡಲ್ ಹಾಕಿಸುವುದು ಇದಕ್ಕೇ. ಹದಿಮೂರೂವರೆ ಗಂಟೆಯ ಗಡುವಿನ 200 ಕಿಲೋಮೀಟರಿನಲ್ಲಿ ಎಷ್ಟೋ ಸಲ ಇಳಿದು ಹತ್ತಬೇಕಾಗುತ್ತದೆ.

ಅಂಗಡಿಯಲ್ಲಿ ಸುತ್ತಿ ಬಳಸಿ ಕೇಳಬೇಡಿ. "ಅಣ್ಣಾ, ಇದಕ್ಕೆ ಎರಡು ಬೋಲ್ಟಿನ ಕ್ಲೀಟ್ ಕೂರುತ್ತಾ? ಕ್ಲೀಟ್ ಶೂ ಜೊತೆ ಬರುತ್ತಾ, ಪೆಡಲ್ ಜೊತೆ ಬರುತ್ತಾ?" ಅಂತ ನೇರವಾಗಿ ಕೇಳಿ. ಸಾಮಾನ್ಯವಾಗಿ ಅದು ಬರುವುದು ಪೆಡಲ್ ಜೊತೆ.

ಐದನೇ ಹೆಜ್ಜೆ: ಶೂವಿನ ಮೈ ನೋಡಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆಯೋಣ. ಹಣ ಹೋಗುವುದು ಇಲ್ಲೇ.

ಶೂವಿನ ಮೇಲ್ಭಾಗ ಸಾಮಾನ್ಯವಾಗಿ ಮೂರು ಥರ. ಮೊದಲನೆಯದು ಪೂರ್ತಿ ಜಾಲರಿ. ಬೇಸಿಗೆಗೆ ಅದೇ ಸರಿ. ಮಳೆಯಲ್ಲಿ ನೀರು ಎಷ್ಟು ಬೇಗ ಒಳಗೆ ಬರುತ್ತದೋ ಅಷ್ಟೇ ಬೇಗ ಹೊರಗೆ ಹೋಗುತ್ತದೆ. ಅದೊಂದು ದೊಡ್ಡ ಗುಣ. ಆದರೆ ಮಂಜಿನ ಬೆಳಿಗ್ಗೆ ಗಾಳಿ ತಡೆಯುವುದಿಲ್ಲ. ಎರಡನೆಯದು ಸಿಂಥೆಟಿಕ್ ಚರ್ಮದ್ದು. ಬೆರಳಿನ ಮೇಲೆ ಗಟ್ಟಿ ಹೊದಿಕೆ, ಅಲ್ಲಲ್ಲಿ ಮಾತ್ರ ಸಣ್ಣ ತೂತು. ಮೂರನೆಯದು ಒಳಗೆ ಮೆಂಬ್ರೇನ್ ಪದರ ಇರುವುದು. ಗೋರ್‌ಟೆಕ್ಸ್ ಅನ್ನುವುದು ಇಂಥದ್ದೇ ಒಂದು ಪದರ. ಅದರ ರಂಧ್ರಗಳು ನೀರಿನ ಹನಿಗಿಂತ ಬಹಳ ಚಿಕ್ಕವು, ಆವಿಗೆ ಮಾತ್ರ ದಾರಿ. ಹೊರಗಿನ ಮಳೆ ಒಳಗೆ ಬಾರದು, ಒಳಗಿನ ಬೆವರು ಆವಿಯಾಗಿ ಹೊರಗೆ ಹೋಗುತ್ತದೆ ಅನ್ನುವುದು ಲೆಕ್ಕ.

ಈ ಲೆಕ್ಕ ನಮ್ಮ ಮಳೆಗಾಲದಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗೆ ತೇವ ಕಡಿಮೆ ಇರಬೇಕು. ಯೂರೋಪಿನ ಚಳಿಗಾಲದ ಗಾಳಿ ತಣ್ಣಗಿರುತ್ತದೆ. ಹಸಿಯಾಗಿ ಕಂಡರೂ ಅದರಲ್ಲಿರುವ ನೀರಾವಿ ನಿಜವಾಗಿ ಕಡಿಮೆ. ನಮ್ಮ ಜುಲೈ ಗಾಳಿ ಬೆಚ್ಚಗಿರುತ್ತದೆ, ನೀರಾವಿಯಿಂದ ತುಂಬಿರುತ್ತದೆ. ಬೆವರು ಹೊರಗೆ ಹೋಗಲು ದಾರಿ ಇದ್ದರೂ ಜಾಗ ಇಲ್ಲ. ಜೊತೆಗೆ ಮೇಲಿನಿಂದ ಇಳಿದ ನೀರು ಮೆಂಬ್ರೇನ್ ಶೂ ಒಳಗೆ ನಿಂತುಬಿಡುತ್ತದೆ. ಆಚೆ ಹೋಗುವುದಿಲ್ಲ, ಎರಡು ದಿನವಾದರೂ ಒಣಗುವುದಿಲ್ಲ. ಹಾಗಾಗಿ ಮೈಸೂರು, ಮಂಡ್ಯದ ಸೋನೆ ಮಳೆಗೆ, ಹಸ್ತ ಚಿತ್ತೆಯ ಜೋರು ಮಳೆಗೆ ನಾನು ಹೇಳುವುದು ಎರಡನೆಯ ಥರದ್ದು. ಬೆರಳಿನ ಮೇಲೆ ಜಾಲರಿ ಇರಬಾರದು, ಪಕ್ಕಗಳಲ್ಲಿ ಸ್ವಲ್ಪ ಇರಲಿ, ಅಟ್ಟೆಯಲ್ಲಿ ನೀರು ಹೋಗಲು ಸಣ್ಣ ಕಿಂಡಿ ಇರಲಿ. ಒಳಗಿನ ಸ್ಪಂಜು ತೆಳ್ಳಗಿರಲಿ. ದಪ್ಪ ಸ್ಪಂಜಿನ ಶೂ ಹಾಕಿದ ಮೊದಲ ನಿಮಿಷ ಹಿತ ಅನ್ನಿಸುತ್ತದೆ. ಆಮೇಲೆ ನೀರು ಹೀರಿ ಭಾರವಾಗುತ್ತದೆ.

ಲೇಸಿನ ಕೆಳಗಿರುವ ಶೂ ನಾಲಿಗೆಯನ್ನೂ ನೋಡಿ. ಕೆಲವು ಶೂಗಳಲ್ಲಿ ಅದರ ಎರಡೂ ಬದಿ ಶೂವಿಗೆ ಹೊಲಿದಿರುತ್ತಾರೆ. ಕೆಸರು, ಮರಳು ಒಳಗೆ ಬರುವುದು ಕಡಿಮೆ. ಒಳ್ಳೆಯದು.

ಬಿಗಿ ಮಾಡುವ ವ್ಯವಸ್ಥೆಯಲ್ಲಿ ಡಯಲ್ (ತಿರುಗಿಸಿ ಬಿಗಿ ಮಾಡುವ ಗುಂಡಿ) ನನಗಿಷ್ಟ. ಸವಾರಿ ಮಧ್ಯೆ ಕೈಗವಸು ಹಾಕಿಕೊಂಡೇ ಒಂದು ತಿರುಪು ಸಡಿಲ ಮಾಡಬಹುದು. ಚಳಿಯಲ್ಲಿ ಕಾಲು ಮರಗಟ್ಟಿದಾಗ ಮೊದಲು ಮಾಡಬೇಕಾದದ್ದೇ ಅದು. ಆದರೆ ಡಯಲಿನೊಳಗೆ ಮಣ್ಣು ಸೇರಿದರೆ ತೊಳೆಯಬೇಕು. ವೆಲ್ಕ್ರೋ ಅಗ್ಗ, ಸುಲಭ. ಕೆಸರು ತುಂಬಿದರೆ ಹಿಡಿತ ಹೋಗುತ್ತದೆ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಮತ್ತೆ ಬರುತ್ತದೆ. ಲೇಸ್ ಹಾಕಿದ್ದರೆ ತುದಿಯನ್ನು ಒಳಗೆ ಸಿಕ್ಕಿಸಿ, ಚೈನಿಗೆ ಸಿಕ್ಕಿಬಿಡುತ್ತದೆ.

ಬಣ್ಣದ ವಿಷಯ ಒಂದೇ ಮಾತು. ಹಿಮ್ಮಡಿಯಲ್ಲಿ ಬೆಳಕು ಹೊಳೆಸುವ ಪಟ್ಟಿ ಇರಲಿ. ಮಂಜಿನಲ್ಲಿ ಹಿಂದಿನಿಂದ ಬರುವ ಲಾರಿ ಚಾಲಕರ ಕಣ್ಣಿಗೆ ಮೇಲೆ ಕೆಳಗೆ ಆಡುವ ಹೊಳಪು ಬೇಗ ಬೀಳುತ್ತದೆ. ಶೂನಲ್ಲಿ ಇಲ್ಲದಿದ್ದರೆ ರಿಫ್ಲೆಕ್ಟರ್ ಟೇಪ್ ತಂದು ಅಂಟಿಸಿ.

ಆರನೇ ಹೆಜ್ಜೆ: ಅಳತೆ

ಸಂಜೆ ಹೊತ್ತು ಅಂಗಡಿಗೆ ಹೋಗಿ. ದಿನವಿಡೀ ಓಡಾಡಿ ಪಾದ ಸ್ವಲ್ಪ ಊದಿರುತ್ತದೆ. ಸವಾರಿಯಲ್ಲೂ ಅಷ್ಟೇ ಊದುತ್ತದೆ. ಮಳೆಯಲ್ಲಿ ಹಾಕುವ ಅದೇ ಸಾಕ್ಸ್ ಹಾಕಿಕೊಂಡು ಹೋಗಿ.

ಮನೆಯಲ್ಲೇ ಅಳತೆ ತೆಗೆಯುವುದು ಕಷ್ಟವಲ್ಲ. ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಲ್ಲಿ. ಅತಿ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ. ಎರಡೂ ಕಾಲು ಅಳೆಯಿರಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಸೈಕಲ್ ಶೂಗಳಿಗೆ ಹೆಚ್ಚಾಗಿ ಯೂರೋಪಿನ ಅಳತೆ ಇರುತ್ತದೆ. ಅದರಲ್ಲಿ ಒಂದೊಂದು ನಂಬರಿಗೆ ಸುಮಾರು ಆರೂಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ. ಶಿಮಾನೋ ಪಟ್ಟಿಯಲ್ಲಿ 26.5 ಸೆಂಟಿಮೀಟರ್ ಪಾದಕ್ಕೆ 42ನೇ ನಂಬರ್. ಬೇರೆ ಕಂಪನಿಗಳದ್ದು ಬೇರೆ. ಇಟಲಿಯ ಶೂಗಳು ಸಾಮಾನ್ಯವಾಗಿ ಕಿರಿದು. ನಮ್ಮಲ್ಲಿ ಚಿಕ್ಕಂದಿನಿಂದ ಚಪ್ಪಲಿ ಹಾಕಿ, ಬರಿಗಾಲಲ್ಲಿ ಓಡಾಡಿ ಬೆಳೆದವರ ಪಾದ ಮುಂದೆ ಅಗಲ ಇರುತ್ತದೆ. ಅಂಥವರು 'ವೈಡ್' ಅಂತ ಬರೆದಿರುವ ಮಾದರಿಯನ್ನೇ ಕೇಳಿ. ಅಗಲ ಸಾಲದ್ದಕ್ಕೆ ಉದ್ದದ ನಂಬರ್ ಏರಿಸುತ್ತಾ ಹೋದರೆ ಹಿಮ್ಮಡಿ ಜಾರುತ್ತದೆ.

ಅಂಗಡಿಯಲ್ಲಿ ಒಂದು ಪರೀಕ್ಷೆ ತಪ್ಪದೆ ಮಾಡಿ. ಒಳಗಿನ ಇನ್‌ಸೋಲ್ ತೆಗೆದು ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲಿ. ಹಿಮ್ಮಡಿ ಹಿಂದಕ್ಕೆ ಸರಿಯಾಗಿ ಕೂರಿಸಿ. ಬೆರಳಿನ ಮುಂದೆ ಒಂದು ಸೆಂಟಿಮೀಟರ್‌ನಷ್ಟು ಜಾಗ ಉಳಿಯಬೇಕು. ಪಾದ ಪಕ್ಕದಲ್ಲಿ ಹೊರಗೆ ಚಾಚಬಾರದು. ಆಮೇಲೆ ಶೂ ಹಾಕಿ ಐದೂ ಬೆರಳು ಆಡಿಸಿ. ಆಡದಿದ್ದರೆ ಆ ಶೂ ಬೇಡ. ಬೇಸಿಗೆಯ ಶೂಗಿಂತ ಅರ್ಧ ನಂಬರ್, ಕೆಲವರಿಗೆ ಒಂದು ನಂಬರ್ ದೊಡ್ಡದು ಬೇಕಾಗುತ್ತದೆ. ಹಾಕಿಕೊಂಡು ಹತ್ತು ನಿಮಿಷ ಅಂಗಡಿಯಲ್ಲೇ ಓಡಾಡಿ. ಯಾರೂ ಬೇಡ ಅನ್ನುವುದಿಲ್ಲ.

ಆನ್‌ಲೈನಿನಲ್ಲಿ ತರಿಸುವುದಾದರೆ ವಾಪಸ್ ತೆಗೆದುಕೊಳ್ಳುವ ನಿಯಮ ಮೊದಲು ಓದಿ. ವಿದೇಶದಿಂದ ಬರುವ ಶೂಗೆ ಸುಂಕ ಕಟ್ಟಿದ ಮೇಲೆ ಅಳತೆ ತಪ್ಪಿದರೆ ವಾಪಸ್ ಕಳಿಸುವುದು ದೊಡ್ಡ ತಲೆನೋವು.

ಏಳನೇ ಹೆಜ್ಜೆ: ಮೇಲೆ ಹಾಕುವ ಕವರ್

ಶೂ ಮೇಲೆ ಎಳೆದುಕೊಳ್ಳುವ ಕವರ್ ಬಗ್ಗೆ ನಮ್ಮಲ್ಲಿ ಮಾತೇ ಕಡಿಮೆ. ಹೊಸ ಶೂ ಕೊಳ್ಳುವ ಮೊದಲು ಇದನ್ನು ನೋಡಿ. ಇರುವ ಬೇಸಿಗೆ ಶೂವನ್ನೇ ಇದು ಚಳಿಗೆ ಸಿದ್ಧ ಮಾಡುತ್ತದೆ. ಬೇಡ ಅನ್ನಿಸಿದರೆ ತೆಗೆದು ಜೇಬಿಗೆ ಹಾಕಬಹುದು. ಮಂಜಿನ ಬೆಳಿಗ್ಗೆ ಆರಕ್ಕೆ 15 ಡಿಗ್ರಿ ಇದ್ದು ಒಂಬತ್ತೂವರೆಗೆ ಬಿಸಿಲು ಚುರುಗುಟ್ಟುವ ನಮ್ಮೂರಿಗೆ ಇದಕ್ಕಿಂತ ಹೊಂದುವುದು ಇನ್ನೇನಿದೆ?

ಬೆರಳಿಗೆ ಮಾತ್ರ ಹಾಕುವ ಅರ್ಧ ಕವರ್ ಇದೆ. ಡಿಸೆಂಬರ್, ಜನವರಿಯ ಒಣ ಚಳಿಗೆ ಅದೇ ಸಾಕು. ಪೂರ್ತಿ ಕವರ್‌ಗಳಲ್ಲಿ ನಿಯೋಪ್ರೀನ್ ಮತ್ತು ಪಿಯು (ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್) ಲೇಪನದ ಬಟ್ಟೆ ಅಂತ ಎರಡು ಬಗೆ. ನಿಯೋಪ್ರೀನ್ ಅಂದರೆ ಸಮುದ್ರದಲ್ಲಿ ಮುಳುಗುವವರ ಉಡುಪಿನ ರಬ್ಬರ್. ಮೂರು ಮಿಲಿಮೀಟರ್ ದಪ್ಪದ್ದು ನೆನೆದರೂ ಬೆಚ್ಚಗಿಡುತ್ತದೆ. ಕೊಡಗಿನ ಮಳೆಗೆ ಅದು ಸರಿ. ಲೇಪನದ ಬಟ್ಟೆ ತೆಳ್ಳಗೆ, ಎರಚಲು ತಡೆಯುತ್ತದೆ, ಬೇಗ ಒಣಗುತ್ತದೆ. ಮೈಸೂರಿನ ಸೋನೆಗೆ ಅದು ಸಾಕು. ಡೆಕಾಥ್ಲಾನ್‌ನಂಥ ಅಂಗಡಿಗಳು ಇಂಥ ಕವರ್ ಮಾರುತ್ತವೆ. ಕೊಳ್ಳುವಾಗ ಶೂ ಜೊತೆಗೆ ತೆಗೆದುಕೊಂಡು ಹೋಗಿ ಹಾಕಿ ನೋಡಿ. ಹಿಂದಿನ ಜಿಪ್ ಗಟ್ಟಿ ಇರಬೇಕು, ಕೆಳಗೆ ಕ್ಲೀಟ್‌ಗೆ ಬಿಟ್ಟ ತೂತು ನಿಮ್ಮ ಕ್ಲೀಟ್‌ಗೆ ಸರಿಹೊಂದಬೇಕು. ಕವರ್ ಹಾಕಿ ಜಾಸ್ತಿ ನಡೆದರೆ ಅಡಿಭಾಗ ಹರಿಯುತ್ತದೆ.

ಹಾಕುವ ಕ್ರಮವೂ ಮುಖ್ಯ. ಹೆಂಚು ಹೊದಿಸುವಾಗ ಮೇಲಿನ ಹೆಂಚು ಕೆಳಗಿನದರ ಮೇಲೆ ಬರುವಂತೆ ಇಡುತ್ತೇವೆ ಅಲ್ವಾ, ಹಾಗೆ ಮಳೆ ಪ್ಯಾಂಟ್ ಅಥವಾ ಉದ್ದನೆಯ ಟೈಟ್ಸ್ ಕವರಿನ ಬಾಯಿಯ ಹೊರಗೆ ಬರಬೇಕು. ಟೈಟ್ಸ್ ಅನ್ನು ಕವರ್ ಒಳಗೆ ತುರುಕಿದರೆ ಕಾಲಿನ ಮೇಲಿನ ನೀರೆಲ್ಲ ನೇರ ಒಳಗೇ ಇಳಿಯುತ್ತದೆ.

ಕವರ್ ಇಲ್ಲದ ದಿನ ದಿಢೀರ್ ಚಳಿ ಹಿಡಿದರೆ ತೊಳೆದು ಒಣಗಿಸಿದ ಹಾಲಿನ ಕವರ್ ಉಪಯೋಗಕ್ಕೆ ಬರುತ್ತದೆ. ಸಾಕ್ಸ್ ಮೇಲೆ ಬೆರಳಿನ ಭಾಗಕ್ಕೆ ಸುತ್ತಿ ಶೂ ಹಾಕಿ. ಗಾಳಿ ನಿಲ್ಲುತ್ತದೆ. ಬೆವರು ಕಟ್ಟುತ್ತದೆ ನಿಜ, ಆದರೆ ಗಂಟೆ ಹೊತ್ತಿಗೆ ತೊಂದರೆ ಇಲ್ಲ. ಇನ್‌ಸೋಲ್ ಕೆಳಗಿನ ಬೋಲ್ಟ್ ತೂತುಗಳ ಮೇಲೆ ಒಂದು ತುಂಡು ಗಟ್ಟಿ ಟೇಪ್ ಅಂಟಿಸುವುದೂ ಒಳ್ಳೆಯದು. ಕೆಳಗಿನಿಂದ ಬರುವ ಗಾಳಿ, ಎರಚಲು ನಿಲ್ಲುತ್ತದೆ. ಬೇಸಿಗೆಗೆ ಕಿತ್ತುಹಾಕಿ.

ಹಾಗಾದರೆ ನಿಜವಾದ ವಿಂಟರ್ ಶೂ ಯಾರಿಗೆ?

ಶಿಮಾನೋದ ಎಂಡಬ್ಲ್ಯೂ ಸರಣಿ, ನಾರ್ತ್‌ವೇವ್, ಲೇಕ್ ಕಂಪನಿಗಳ ಚಳಿಗಾಲದ ಮಾದರಿಗಳು ಒಳ್ಳೆಯ ಶೂಗಳೇ. ಕಣಕಾಲು ಮುಚ್ಚುವ ಎತ್ತರದ ಕಾಲರ್, ಒಳಗೆ ಮೆಂಬ್ರೇನ್, ಬೆಚ್ಚನೆಯ ಪದರ. ಸೊನ್ನೆಯ ಆಸುಪಾಸಿನ ಚಳಿಗೆ, ಮಂಜುಗಡ್ಡೆ ಕರಗಿದ ನೀರಿಗೆ ಮಾಡಿದಂಥವು. ಮೈಸೂರಿನ 16 ಡಿಗ್ರಿಯಲ್ಲಿ ಅವನ್ನು ಹಾಕಿ ಬೆಟ್ಟ ಹತ್ತಿದರೆ ಬೆವರಿನಲ್ಲೇ ಕಾಲು ನೆನೆಯುತ್ತದೆ.

ಸೈಕಲ್ಲನ್ನು ಕಾರಿಗೆ ಹಾಕಿಕೊಂಡು ಪ್ರತಿ ಚಳಿಗಾಲ ಊಟಿ, ಕೂನೂರಿನ ಕಡೆ ಹೋಗಿ ದಿನಗಟ್ಟಲೆ ತುಳಿಯುವವರಿಗೆ ಇವು ಬೇಕಾಗಬಹುದು. ಹಿಮಾಲಯಕ್ಕೆ ಹೋಗುವವರಿಗೆ ಬೇಕು. ಉಳಿದಂತೆ ಬೇಸಿಗೆ ಶೂ, ಉಣ್ಣೆ ಸಾಕ್ಸ್, ನಿಯೋಪ್ರೀನ್ ಕವರ್ ಮೂರೂ ಸೇರಿ ಊಟಿಯ ಮಾಮೂಲಿ ಚಳಿಯನ್ನು ತಡೆಯುತ್ತವೆ.

ಓದಲು, ಕೆಲಸಕ್ಕೆ ಜರ್ಮನಿ, ನೆದರ್‌ಲ್ಯಾಂಡ್ಸ್ ಕಡೆ ಹೋಗುವ ಮಕ್ಕಳಿಗೆ ಇಲ್ಲಿಂದಲೇ ಶೂ ಕೊಡಿಸಿ ಕಳಿಸುವ ಅಪ್ಪ ಅಮ್ಮಂದಿರೂ ಇದ್ದಾರೆ. ದಯವಿಟ್ಟು ಬೇಡ. ಅಲ್ಲಿ ಹೋಗಿ, ಅಲ್ಲಿನ ಚಳಿ ನೋಡಿ, ಹಾಕಿ ನೋಡಿ ಕೊಳ್ಳಲಿ. ಕೆನಡಾದಂಥ ಕಡೆ ಹಿಮದಲ್ಲಿ ತುಳಿಯುವ ಎಷ್ಟೋ ಜನ ಕ್ಲೀಟ್ ಬಿಟ್ಟು ಸಾದಾ ಪೆಡಲ್ ಮೇಲೆ ಹಿಮದ ಬೂಟು ಹಾಕಿಯೇ ಹೋಗುತ್ತಾರೆ.

ಊರೊಳಗೆ ದಿನಾ ನಾಲ್ಕೈದು ಕಿಲೋಮೀಟರ್ ಹೋಗುವವರಿಗೆ ಇನ್ನೂ ಸುಲಭದ ದಾರಿ ಇದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ಆಫೀಸಿನಲ್ಲಿ ಕಾಲು ಒರೆಸಿ ಒಣ ಶೂ ಹಾಕಿಕೊಳ್ಳಿ. ಬೆರಳು ಮುಚ್ಚುವ ಸ್ಯಾಂಡಲ್ ಆದರೆ ಇನ್ನೂ ಒಳ್ಳೆಯದು. ಹವಾಯಿ ಚಪ್ಪಲಿ ಮಾತ್ರ ಬೇಡ, ಒದ್ದೆ ಪೆಡಲ್ ಮೇಲೆ ಜಾರುತ್ತದೆ.

ಒಣಗಿಸುವುದು, ಕಾಲು ನೋಡಿಕೊಳ್ಳುವುದು

ಮಳೆಯಿಂದ ಬಂದ ಕೂಡಲೇ ಕೆಸರನ್ನು ಬರೀ ನೀರಿನಲ್ಲಿ ತೊಳೆಯಿರಿ. ಕೆಂಪು ಮಣ್ಣು ಒಣಗಿದರೆ ಕಲೆ ಬಿಡುವುದಿಲ್ಲ. ಇನ್‌ಸೋಲ್ ಹೊರಗೆ ತೆಗೆದು ಬೇರೆ ಇಡಿ. ಶೂ ಒಳಗೆ ನ್ಯೂಸ್‌ಪೇಪರ್ ಉಂಡೆ ಮಾಡಿ ತುಂಬಿ. ಗಂಟೆ ಬಿಟ್ಟು ಆ ಪೇಪರ್ ತೆಗೆದು ಹೊಸದು ತುಂಬಿ. ಹೆಚ್ಚಿನವರು ಮರೆಯುವುದು ಈ ಎರಡನೇ ಸಲವನ್ನು. ಆಮೇಲೆ ಫ್ಯಾನ್ ಕೆಳಗೆ ಮಗುಚಿ ಇಡಿ. ಬೆಳಿಗ್ಗೆ ಹೊತ್ತಿಗೆ ಹಾಕುವಂತಾಗುತ್ತದೆ. ನೀರೊಲೆಯ ಪಕ್ಕ, ಹೀಟರ್ ಮುಂದೆ, ಮಧ್ಯಾಹ್ನದ ಬಿಸಿಲಲ್ಲಿ ಇಡಬೇಡಿ. ಅಟ್ಟೆಯ ಅಂಟು ಬಿಡುತ್ತದೆ. ವಾಷಿಂಗ್ ಮೆಷಿನ್‌ಗೆ ಹಾಕುವುದಂತೂ ಬೇಡವೇ ಬೇಡ.

ಕಾಲ್ಬೆರಳ ಸಂದಿಯನ್ನು ಟವೆಲ್‌ನಲ್ಲಿ ಒತ್ತಿ ಒರೆಸಿ. ಮಳೆಗಾಲದಲ್ಲಿ ಅಲ್ಲಿ ಚರ್ಮ ಬೆಳ್ಳಗಾಗಿ, ಸುಲಿದು, ತುರಿಸತೊಡಗಿದರೆ ಅದು ಸಾಮಾನ್ಯವಾಗಿ ಶಿಲೀಂಧ್ರದ ಸೋಂಕು. ಮನೆಮದ್ದು ಮಾಡುತ್ತಾ ಕೂರದೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರ ವಹಿಸಬೇಕು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಬಿಗಿ ಶೂ ಮಾಡಿದ ಗಾಯ ಗೊತ್ತೇ ಆಗುವುದಿಲ್ಲ. ಪ್ರತಿ ಸವಾರಿಯ ನಂತರ ಪಾದ ತಿರುಗಿಸಿ ನೋಡಿ, ಕಾಣದಿದ್ದರೆ ಮನೆಯವರ ಕೈಲಿ ನೋಡಿಸಿ. ಬೆಚ್ಚಗೆ ಮಾಡುವ ರಾಸಾಯನಿಕ ಪೊಟ್ಟಣಗಳನ್ನು ಅಂಥವರು ಶೂ ಒಳಗೆ ಇಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಚಳಿಗೆ ಬೆರಳು ಬಿಳಿಚಿ, ಆಮೇಲೆ ನೀಲಿಯಾಗಿ, ಬಿಸಿಯಾದಾಗ ಕೆಂಪಾಗಿ ಉರಿಯುವುದು ಪದೇ ಪದೇ ಆದರೆ ಅದಕ್ಕೆ ಶೂ ಕಾರಣ ಅಲ್ಲದಿರಬಹುದು. ಅದನ್ನೂ ವೈದ್ಯರ ಹತ್ತಿರ ಹೇಳಿ.

ಸವಾರಿ ಮಧ್ಯೆ ಕಾಲು ಮರಗಟ್ಟಿದರೆ ಮೊದಲು ಶೂ ಸಡಿಲ ಮಾಡಿ. ಆಗಲೂ ಸರಿಹೋಗದಿದ್ದರೆ ಇಳಿದು ಎರಡು ಮೂರು ನಿಮಿಷ ಸೈಕಲ್ ತಳ್ಳಿಕೊಂಡು ನಡೆಯಿರಿ. ಬೆರಳು ಮಡಚಿದ ಕೂಡಲೇ ರಕ್ತ ಓಡುತ್ತದೆ. ಬೆಚ್ಚಗಿನ ದಿನವೂ ಮರಗಟ್ಟುತ್ತಿದ್ದರೆ ಕ್ಲೀಟ್ ತುಂಬಾ ಮುಂದೆ ಕೂತು ನರ ಒತ್ತುತ್ತಿರಬಹುದು. ಕೆಲವು ಮಿಲಿಮೀಟರ್ ಹಿಂದಕ್ಕೆ ಸರಿಸಿ ನೋಡಿ.

ಕೊನೆಗೆ ಕ್ಲೀಟ್ ಬೋಲ್ಟ್. ಮಳೆಗಾಲದಲ್ಲಿ ಇವು ತುಕ್ಕು ಹಿಡಿದು ಅಲ್ಲೇ ಕೂತುಬಿಡುತ್ತವೆ. ಕ್ಲೀಟ್ ಸವೆದ ದಿನ ಬೋಲ್ಟ್ ಬಿಚ್ಚಲಾಗದೆ ಶೂವನ್ನೇ ಬಿಸಾಡಬೇಕಾಗುತ್ತದೆ. ಹೊಸ ಶೂಗೆ ಕ್ಲೀಟ್ ಹಾಕುವಾಗಲೇ ಬೋಲ್ಟಿನ ತಿರುಪಿನ ಗೆರೆಗಳಿಗೆ ಚಿಟಿಕೆ ಗ್ರೀಸ್ ಹಚ್ಚಿ. ಬಿಗಿ ಮಾಡಲು ಐದರಿಂದ ಆರು ನ್ಯೂಟನ್ ಮೀಟರ್ ಸಾಕು. ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ) ಇಲ್ಲದಿದ್ದರೆ ಸೈಕಲ್ ಅಂಗಡಿಯಲ್ಲಿ ಮಾಡಿಸಿ. ತಿಂಗಳಿಗೊಮ್ಮೆ ನಾಲ್ಕು ಮಿಲಿಮೀಟರಿನ ಅಲೆನ್ ಕೀ ಹಾಕಿ ಸಡಿಲವಾಗಿದೆಯಾ ನೋಡಿ, ಬೋಲ್ಟಿನ ತಲೆಯ ಗುಳಿಯಲ್ಲಿ ತುಂಬಿದ ಮಣ್ಣನ್ನು ಸೂಜಿಯಿಂದ ತೆಗೆದುಬಿಡಿ.